ಎರಡನೇ ಕೀಪರ್

ಜನವರಿ 4, ರವಿವಾರ

ಮಾರ್ಕೆಟ್ ಯಾರ್ಡಿನ ಕಟ್ಟೆ ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಗಿದೆ. ನಿನ್ನೆ ಯಾರೋ ಜೋಳದ ಚೀಲ ಬಿಚ್ಚಿದ್ದಾರೆ. ಒಂದು ಕಾಳು ಉಳಿದರೂ ಸ್ಕೇಟಿನ ಗಾಲಿಗೆ ಸಿಕ್ಕು ಹುಡುಗಿಯರು ಮುಗ್ಗರಿಸುತ್ತಾರೆ. ಈ ಗಡಿಯೂರು ಜತ್ತದಲ್ಲಿ ಐಸ್ ಹಾಕಿ ಆಟ ಕಲಿಯೋಕೆ ಇರೋ ಜಾಗ ಇದೊಂದೇ. ಅದೂ ವ್ಯಾಪಾರಿಗಳು ಬರೋದರೊಳಗೆ, ಐಸ್ ಇಲ್ಲದೆ, ಗಾಲಿ ಮೇಲೆ.

ಶೀತಲ ತನ್ನೂರು ಸೋನ್ಯಾಳದಿಂದ ಮೊದಲ ಎಸ್.ಟಿ. ಬಸ್ಸಿಗೇ ಬಂದಳು. ಪ್ಯಾಡು ಕಟ್ಟಿಕೊಂಡು ಗೋಲಿನ ಮುಂದೆ ನಿಂತಳು. ಹೊಡೆದೆ, ಹೊಡೆದೆ, ಭುಜ ನೋಯುವ ತನಕ ಹೊಡೆದೆ. ಗೋಲಿನೊಳಗೆ ಹೋಗಿದ್ದು ಒಂದೋ ಎರಡೋ. ಆರು ವರ್ಷದ ಹಿಂದೆ ನನ್ನ ಹತ್ತಿರ ಕಲಿಯಲು ಬಂದಾಗ ಎದುರಿಗೆ ಏನಾದರೂ ಹಾರಿ ಬಂದರೆ ಕಣ್ಣು ಮುಚ್ಚುತ್ತಿದ್ದ ಹುಡುಗಿ. ಈಗ ದೇಶದ ತಂಡದ ಕ್ಯಾಂಪಿಗೆ ಕರೆ ಬಂದಿದೆ. ಲೇಹದಲ್ಲಿ. ನಿಜವಾದ ಐಸಿನ ಮೇಲೆ.

ಕರೆ ನನಗೂ ಬಂದಿದೆ — ಆಡೋದಕ್ಕಲ್ಲ, ಆರಿಸೋದಕ್ಕೆ. ಸೆಲೆಕ್ಷನ್ ಕಮಿಟಿಯ ಐವರಲ್ಲಿ ನಾನೊಬ್ಬಳು. ಈ ಕಡೆಯ ಹಳೇ ಆಟಗಾರ್ತಿ ಒಬ್ಬಳು ಬೇಕಿತ್ತಂತೆ. ಗಾಲಿ ಸ್ಕೇಟಿನ ಹಾಕಿಯಲ್ಲಿ ಒಂದು ಕಾಲಕ್ಕೆ ದೇಶಕ್ಕೆ ಆಡಿದ್ದೆನಲ್ಲ, ನಾನು ಸಿಕ್ಕೆ. ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸುವ ವಿದ್ಯಾವತಿ ಬಾಯಿ ಈಗ ದೇಶದ ತಂಡ ಆರಿಸುವವಳು! ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಖುಷಿಯೋ ಹೆದರಿಕೆಯೋ... ಎರಡೂ ಇರಬೇಕು.

ಜನವರಿ 6, ಮಂಗಳವಾರ

ಮರಾಠಿ ಪೇಪರಿನ ತಾನಾಜಿ ಯಾರ್ಡಿಗೇ ಬಂದಿದ್ದ. ಹೆಡ್ಡಿಂಗು ಮೊದಲೇ ಬರೆದುಕೊಂಡು ಬಂದ ಹಾಗಿತ್ತು — ಕುರಿ ಕಾಯುವ ಹುಡುಗಿ ಗೋಲು ಕಾಯುತ್ತಾಳೆ. ಶೀತಲ ಮುಖ ಗಂಟು ಹಾಕಿದಳು.

"ಕುರಿ ಕಾಯೋದು ನಮ್ಮಪ್ಪರಿ. ನಾ ಸಾಲಿಗೆ ಹೋಗ್ತಿದ್ದೆ."

"ಒಮ್ಮೆರ ಕಾದಿರಬೇಕಲ್ಲ?"

"ಒಮ್ಮೆ ಕಾದೆರಿ. ಎರಡು ಕಳದು ಬಂದೆ. ಅದನ್ನ ಬರೀರಿ."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ತಾನಾಜಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಹುಡಿಗಿನೂ ನಿಮ್ಮಾಕಿ, ಸಿಲೆಕ್ಟರೂ ನೀವು. ಆತಲ್ಲ ಬಿಡ್ರಿ ಬಾಯಾರ, ಕೆಲಸ ಆದಂಗ."

ನಗು ಅಲ್ಲೇ ನಿಂತಿತು. ಚೇಷ್ಟೆ ಅಂತ ಗೊತ್ತು. ಆದರೂ ಸಂಜೆ ತನಕ ಅದೇ ಕಿವಿಯಲ್ಲಿ. ಚಪಾತಿ ಎರಡು ಸೀಯಿಸಿದೆ. ಅತ್ತೆ ಸೀದದ್ದನ್ನು ಎತ್ತಿ ನನ್ನ ತಾಟಿನಲ್ಲೇ ಇಟ್ಟರು.

ಜನವರಿ 8, ಗುರುವಾರ. ಸ್ಟ್ಯಾಂಡಿನಲ್ಲಿ, ಬಸ್ಸು ಇನ್ನೂ ಬಂದಿಲ್ಲ

ಚೀಲದಲ್ಲಿ ಬಟ್ಟೆಗಿಂತ ತಿನ್ನೋದೇ ಜಾಸ್ತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಸಂಕ್ರಾಂತಿಗೆ ನಾನೂ ಶೀತಲಳೂ ಇಲ್ಲಿ ಇರಲ್ಲ ಅಂತ ಅತ್ತೆ ಈಗಲೇ ಎಳ್ಳು ಬೆಲ್ಲ ಕೈಗೆ ಹಾಕಿದರು. "ಅಲ್ಲೆ ನೀರ ಕಲ್ಲಾಗಿರತೈತೆಂತ. ಕುಡಿಯೂದ ಏನು?" ಅಂತ ಒಂದೇ ಚಿಂತೆ ಅವರಿಗೆ.

ಕುರಿ ಮೇಯಿಸಲು ಮಿರಜ ಕಡೆ ಹೋಗಿದ್ದ ಶೀತಲಳ ಅಪ್ಪ ಸಾತಪ್ಪ ಬಂದಿದ್ದಾನೆ. ಕುರಿ ತಮ್ಮನ ಕೈಗೆ ಬಿಟ್ಟು, ಮಗಳನ್ನ ಕಳಿಸೋದಕ್ಕೆ ಅಂತಲೇ. ತಾಯಿ ಚಂದ್ರಾಬಾಯಿಯೂ ಬಂದಿದ್ದಾಳೆ, ಸೆರಗಿನಿಂದ ಕಣ್ಣು ಒರೆಸಿಕೊಂಡೇ ನಿಂತಿದ್ದಾಳೆ. ಸಾತಪ್ಪ ಆಕೆಗೆ ಸಮಾಧಾನ ಹೇಳಿದ. ದೊಡ್ಡ ದನಿಯವನು, ಇಡೀ ಸ್ಟ್ಯಾಂಡಿಗೆ ಕೇಳಿಸಿತು.

"ಯಾಕ ಅಳ್ತಿ? ಬಡಸಾವ್ರು ನಮ್ಮವ್ರಿದ್ರ ಕಡೀ ಪಂಗತ್ಯಾಗ ಕುಂತ್ರೇನ!"

ಸುತ್ತ ನಿಂತವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕ. ಸಾತಪ್ಪ ನನಗೆ ಕೈ ಮುಗಿದ. ನನ್ನ ಮುಖ ಬಿಸಿಯಾಯಿತು. ಒಳ್ಳೆ ಮನಸ್ಸಿನಿಂದಲೇ ಅಂದಿದ್ದಾನೆ, ಪಾಪ. ಆದರೆ ನಾಳೆ ಆಕೆ ತಂಡಕ್ಕೆ ಬಂದರೆ ಇದೇ ಮಂದಿ ಏನನ್ನಬಹುದು? ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರೆ. ಹುಡುಗಿ ಎಷ್ಟು ಚೆನ್ನಾಗಿ ಆಡಿದರೂ ಅಷ್ಟೇ.

ಬಸ್ಸು ಬಂತು.

ಜನವರಿ 25, ರವಿವಾರ

ನಿನ್ನೆ ಬಂದೆವು. ತುಟಿ ಒಡೆದಿದೆ, ಮೂಗಿನ ತುದಿ ಕರ್ರಗಾಗಿದೆ. ಮಗ್ಗುಲ ಮನೆಯವರು ಕೇಳುತ್ತಾರೆ — ಬಿಸಿಲಿನ ನಾಡಿಗೆ ಹೋಗಿದ್ದಿರಾ ಅಂತ.

ಅಲ್ಲಿ ಒಂದು ಸಾಲೂ ಬರೆಯಲಿಲ್ಲ. ಪೆನ್ನು ಹೆಪ್ಪುಗಟ್ಟುತ್ತಿತ್ತು, ಬೆರಳೂ. ಈಗ ಬರೆಯಬೇಕು, ಇಲ್ಲದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ಮೊದಲ ದಿನ ಶೀತಲ ಐಸಿನ ಮೇಲೆ ನಿಂತಿದ್ದಕ್ಕಿಂತ ಬಿದ್ದಿದ್ದೇ ಹೆಚ್ಚು. ಗಾಲಿಯಿಂದ ಬ್ಲೇಡಿಗೆ ಬಂದವರೆಲ್ಲರ ಹಣೆಬರಹ ಅದು. ಮೂರನೇ ದಿನಕ್ಕೆ ಕಾಲು ಹತ್ತಿತು. ಆಮೇಲೆ... ಏನು ಹೇಳಲಿ! ಕೊನೆಯ ವಾರದ ಪಂದ್ಯಗಳಲ್ಲಿ ಆಕೆಯಷ್ಟು ಕಡಿಮೆ ಗೋಲು ಬಿಟ್ಟವರು ಒಬ್ಬರೇ, ಕಾರ್ಗಿಲ್ ಕಡೆಯ ಹುಡುಗಿ. ಆ ಹುಡುಗಿಯೇ ಮೊದಲ ಕೀಪರ್ ಅನ್ನೋದರಲ್ಲಿ ಯಾರಿಗೂ ಅನುಮಾನವಿಲ್ಲ. ಎರಡನೆಯ ಜಾಗವೊಂದೇ ಉಳಿದದ್ದು. ತಂಡದಲ್ಲಿ ಇಬ್ಬರೇ ಕೀಪರ್. ಮೂರನೆಯವಳು ಮನೆಯಲ್ಲೇ ಕೂತು ಟಿವಿ ನೋಡಬೇಕು.

ಆ ಜಾಗಕ್ಕೆ ಇನ್ನೊಬ್ಬಳು ಡಿಸ್ಕಿತ್. ಅಲ್ಲಿನ ಹುಡುಗಿ, ನಡೆಯೋದಕ್ಕಿಂತ ಮೊದಲು ಐಸಿನ ಮೇಲೆ ಜಾರಿದವಳು. ಸೊಗಸಾಗಿ ಓಡಾಡುತ್ತಾಳೆ. ಆದರೆ ಚೆಂಡು — ಅವರು ಪಕ್ ಅಂತಾರೆ, ನಮಗೆ ಅದು ಚೆಂಡೇ — ಚೆಂಡು ಹೊಡೆಯುವವಳ ಕೋಲು ಬಿಟ್ಟ ಮೇಲೆ ಹೊರಳುತ್ತಾಳೆ. ಶೀತಲ ಬಿಡುವ ಮೊದಲೇ ಅಲ್ಲಿರುತ್ತಾಳೆ. ವ್ಯತ್ಯಾಸ ಅಷ್ಟೇ, ಆದರೆ ಕೀಪರಿಗೆ ಅದೇ ಎಲ್ಲ.

ಡಿಸ್ಕಿತ್ ಮೇಲೆ ನನಗೆ ಜೀವ. ಬೀದಿಯಲ್ಲಿ ಜಾರಿ ಬಿದ್ದಾಗ ಎತ್ತಿದವಳು ಆಕೆ. ಆಮೇಲೆ ದಿನಾ ಬೆಳಿಗ್ಗೆ ನನ್ನ ರೂಮಿನ ಬಾಗಿಲಿಗೆ ಬಂದು ಕೈ ಹಿಡಿದು ಮೈದಾನಕ್ಕೆ ಕರೆದೊಯ್ದಳು. ನಮ್ಮ ಶೇಂಗಾ ಚಟ್ನಿ ಬೆರಳಿಗೆ ಹಚ್ಚಿಕೊಂಡು ನೆಕ್ಕುತ್ತಿದ್ದಳು. ಮಾತಿಗೊಮ್ಮೆ ನಗು.

ಕಮಿಟಿ ಮೀಟಿಂಗು ಆನ್‌ಲೈನಂತೆ, ಮುಂದಿನ ವಾರ. ಅಂಕ ಕೊಡಬೇಕು.

ಫೆಬ್ರವರಿ 1, ರವಿವಾರ

ಏನೂ ಮಾಡಲಾಗುತ್ತಿಲ್ಲ. ಒಗೆದ ಬಟ್ಟೆ ಮತ್ತೆ ಒಗೆದೆ. ಶೀತಲ ಇವತ್ತೂ ಬಂದಿದ್ದಳು. ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಬೈದುಬಿಡಬಹುದಿತ್ತು, ಹಗುರಾಗುತ್ತಿತ್ತು. ನಮ್ಮ ಮನೆಯ ಹೊರಗಿನ ಕಟ್ಟೆ ಮೇಲೆ ಚಹಾ ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋದಳು.

ನಮ್ಮ ಯಜಮಾನರು ಅಂಗಡಿಯಿಂದ ಬಂದವರು, "ಪ್ಯಾಟ್ಯಾಗ ಎಲ್ಲಾರೂ ಕೇಳಾಕತ್ತಾರ. ಶೀತಲದು ಪಕ್ಕಾ ಅಲ್ಲೇನು ಅಂತ" ಅಂದರು. ಪಕ್ಕಾ ಅಂತೆ. ಯಾರು ಮಾಡಿದರು ಪಕ್ಕಾ? ಒಳಗೆ ಹೋದೆ.

ಫೆಬ್ರವರಿ 2, ಸೋಮವಾರ. ಮಧ್ಯಾಹ್ನ

ಮುಗಿಯಿತು.

ಎದುರಿಗೆ ಫೋನು, ಫೋನಿನಲ್ಲಿ ನಾಲ್ಕು ಮುಖ. ಒಬ್ಬೊಬ್ಬರೇ ಬಾಯಿಬಿಟ್ಟು ಅಂಕ ಹೇಳಬೇಕು, ಹತ್ತಕ್ಕೆ ಇಷ್ಟು ಅಂತ. ಎರಡನೇ ಕೀಪರಿನ ಸರದಿ ಬಂತು. ನಾಲ್ವರು ಹೇಳಿ ಮುಗಿಸಿದಾಗ ಶೀತಲ ಒಂದು ಅಂಕ ಮುಂದಿದ್ದಳು. ಕೊನೆಗೆ ನಾನು. ಚೇರ್ಮನ್ ಸಾಹೇಬರು ನಕ್ಕು ಹಿಂದಿಯಲ್ಲಿ ಅಂದರು — ನಿಮ್ಮ ಶಿಷ್ಯೆ, ನಿಮಗೇ ಚೆನ್ನಾಗಿ ಗೊತ್ತು.

ನಿಮ್ಮ ಶಿಷ್ಯೆ. ಅಷ್ಟೇ ಸಾಕಾಯಿತು. ಸ್ಟ್ಯಾಂಡಿನ ಮಂದಿಯೆಲ್ಲ ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು. ಡಿಸ್ಕಿತಳಿಗೆ ಎಂಟು ಅಂದೆ. ಶೀತಲಳಿಗೆ ಆರು. ಐಸಿನ ಅನುಭವ ಕಡಿಮೆ ಅಂತ ಕಾರಣವನ್ನೂ ಕೊಟ್ಟೆ. ಒಟ್ಟು ಕೂಡಿಸಿದಾಗ ಒಂದು ಅಂಕದಲ್ಲಿ ಡಿಸ್ಕಿತ್ ಮುಂದಾದಳು.

ಚಂಡೀಗಢದ ಮೇಡಂ ಚಪ್ಪಾಳೆ ತಟ್ಟಿದರು. ಸ್ವಂತ ಹುಡುಗಿಗೂ ಪಕ್ಷಪಾತ ಮಾಡದವರನ್ನು ಇದೇ ಮೊದಲು ನೋಡಿದ್ದಂತೆ. ಎಲ್ಲರೂ ಹೊಗಳಿದರು. ಸುಳ್ಳು ಯಾಕೆ ಬರೆಯಲಿ, ಖುಷಿಯಾಯಿತು. ಒಂದು ಕಪ್ಪು ಚಹಾ ಆರುವಷ್ಟು ಹೊತ್ತು.

ಶೀತಲಳಿಗೆ ನನ್ನ ಮನಸ್ಸಿನ ಅಂಕ ಒಂಬತ್ತಿತ್ತು.

ಚೇರ್ಮನ್ ಹುಡುಗಿಯರಿಗೆ ಇವತ್ತೇ ಫೋನು ಮಾಡಿ ಹೇಳುತ್ತಾರಂತೆ. ಪಟ್ಟಿ ದಿಲ್ಲಿಗೆ ಹೋಗೋದು ಶುಕ್ರವಾರ ಸಂಜೆ. ಅಷ್ಟರೊಳಗೆ ಯಾರದಾದರೂ ತಕರಾರಿದ್ದರೆ ಹೇಳಬಹುದಂತೆ. ಯಾರದಿರುತ್ತೆ?

ಫೆಬ್ರವರಿ 3, ಮಂಗಳವಾರ

ಅತ್ತೆಯ ತವರು ಬಿಳೂರಿನಿಂದ ಮಂದಿ ಬಂದಿದ್ದರು, ಬಂಡಿ ತುಂಬ ಆಗುವಷ್ಟು. ಹೋಳಿಗೆ ಊಟ. ಮೂರು ಪಂಗತಿ ಎದ್ದವು. ಬಡಿಸಿದೆ, ಬಡಿಸಿದೆ. ಕಡೆಗೆ ನಾನು, ಅತ್ತೆ ಕೂತಾಗ ಹೋಳಿಗೆ ಮುಗಿದಿತ್ತು. ಕಟ್ಟಿನ ಸಾರು, ಅನ್ನ. ಯಾರಿಗೂ ಅದು ವಿಶೇಷ ಅನಿಸಲಿಲ್ಲ. ನನಗೂ ಎಂದೂ ಅನಿಸಿರಲಿಲ್ಲ. ಮನೆಯವರು ಕಡೆಗೆ, ಅದರಲ್ಲೂ ಬಡಿಸಿದವಳು ಎಲ್ಲರಿಗಿಂತ ಕಡೆಗೆ. ಹುಟ್ಟಿದ ಮನೆಯಲ್ಲೂ ಹೀಗೇ, ಇಲ್ಲೂ ಹೀಗೇ.

ತುತ್ತು ಬಾಯಿಗಿಟ್ಟಾಗ ತಿಳಿಯಿತು, ನಿನ್ನೆ ಮಾಡಿದ್ದೂ ಇದನ್ನೇ. ಬಂದವರಿಗೆ ಮೊದಲು, ನಮ್ಮವಳಿಗೆ ಉಳಿದರೆ. ಅದನ್ನು ನ್ಯಾಯ ಅಂದುಕೊಂಡೆ. ಊಟದಲ್ಲಿ ಅದು ಚೆಂದ. ಆದರೆ ಶೀತಲ ಉಣ್ಣೋಕೆ ಬಂದಿದ್ದಳಾ? ದುಡಿದಿದ್ದನ್ನು ಕೇಳೋಕೆ ಬಂದಿದ್ದಳು.

ಮಂದಿ ಹೋದ ಮೇಲೆ ಯಜಮಾನರಿಗೆ ಹೇಳಿದೆ. ಕೈ ತೊಳೆಯುತ್ತಿದ್ದವರು ಹಾಗೇ ನಿಂತರು. "ಊರಿಗೆ ಉಪಕಾರಿ, ಮನಿಗೆ ಮಾರಿ ಅಂದಂಗಾತಲ್ಲ ನಿನ್ನ ಕತಿ" ಅಂದರು. ಬೈಗುಳಕ್ಕೆ ಸಿಟ್ಟು ಬರಲಿಲ್ಲ. ಅದೇ ಹೆಚ್ಚು ನೋವಾಯಿತು.

ಸಂಜೆ ಡಿಸ್ಕಿತ್ ಫೋನು. ಹಿಂದೆ ಮನೆಮಂದಿಯ ಗದ್ದಲ, ಯಾರೋ ಹಾಡುತ್ತಿದ್ದರು. "ಮೇಡಂ, ನಿಮ್ಮ ಎಂಟು ಅಂಕದಿಂದಲೇ ನಾನು ಬಂದೆನಂತೆ!" ಚೇರ್ಮನ್ ಅದನ್ನೂ ಹೇಳಿಬಿಟ್ಟಿದ್ದಾರೆ. ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಆಕೆ ತನ್ನ ಭಾಷೆಯಲ್ಲಿ ಏನೇನೋ ಅಂದಳು. ಒಂದು ಮಾತೂ ತಿಳಿಯಲಿಲ್ಲ. ಹರಸುತ್ತಿದ್ದಾಳೆ ಅನ್ನೋದು ತಿಳಿಯಿತು.

ಫೆಬ್ರವರಿ 4, ಬುಧವಾರ

ಶೀತಲ ಬರಲಾರಳು ಅಂದುಕೊಂಡಿದ್ದೆ. ಮೊದಲ ಎಸ್.ಟಿ.ಗೇ ಬಂದಳು. ನನಗಿಂತ ಮೊದಲೇ ಯಾರ್ಡಿನ ಕಟ್ಟೆ ಗುಡಿಸಿದ್ದಳು. ಕಣ್ಣು ಊದಿತ್ತು, ದನಿ ಮಾತ್ರ ಗಟ್ಟಿ.

"ಮೂರನೇ ನಂಬರ್ ಬಂತರಿ ಬಾಯಾರ. ನೀವು ಒಳಗಿದ್ರಿ ಅಂತ ಅಷ್ಟರ ಬಂತು. ಇಲ್ಲಂದ್ರ ಗಾಲಿ ಮ್ಯಾಲ ಆಡೂ ಹುಡಿಗೀನ ಯಾರ ಕೇಳ್ತಿದ್ರರಿ?"

ಬಗ್ಗಿ ಕಾಲು ಮುಟ್ಟಲು ಬಂದಳು. ಹಿಂದೆ ಸರಿದೆ. ಇನ್ನು ನುಂಗೋದು ಸಾಧ್ಯವಿರಲಿಲ್ಲ. ನನ್ನ ಅಂಕದಿಂದಲೇ ಜಾಗ ತಪ್ಪಿತು ಅಂತ ನಿಂತ ಕಾಲಲ್ಲೇ ಹೇಳಿಬಿಟ್ಟೆ.

ಪೊರಕೆ ಎತ್ತಿ ಗೋಡೆಗೆ ಒರಗಿಸಿದಳು. ಆಮೇಲೆ, "ಎಷ್ಟ ಕೊಟ್ರಿ?"

"ಆರು."

"ಎಷ್ಟ ಕೊಡಬೇಕಿತ್ತರಿ?"

"ಒಂಬತ್ತು."

"ಮತ್ಯಾಕರಿ?"

ಮಂದಿ ಏನಾದರೂ ಅಂದಾರು ಅಂತ ಹೆದರಿದೆ ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ನಮ್ಮ ಮನ್ಯಾಗ ಮನಿ ಮಂದಿ ಕಡೀಗೆ ಉಣ್ಣೂ ರೂಢಿ ಶೀತಲ. ನೀ ನಮ್ಮಾಕಿ ಅಂತ..." ಅಂದೆ.

ತಲೆ ಎತ್ತಿದಳು. ಹಾಗೆ ಆಕೆ ನನ್ನನ್ನು ನೋಡಿದ್ದು ಇದೇ ಮೊದಲು.

"ನಿಮ್ಮ ಮನ್ಯಾಗ ಕುಂತು ನಾ ಯಾವಾಗ ಉಂಡೀನ್ರಿ ಬಾಯಾರ? ಆರು ವರ್ಷ ಆತು. ಕಟ್ಟಿ ಮ್ಯಾಲ ಚಾ ಕುಡಸೀರಿ. ಒಳಗ ಬಾ ಅಂದಿಲ್ಲ, ಉಣ್ಣು ಅಂದಿಲ್ಲ. ನಾನೂ ಕೇಳಿಲ್ಲ. ಈಗ ನಂದು ಕಸಗೊಳ್ಳೂವಾಗ ಅಷ್ಟ ನಾ ನಿಮ್ಮ ಮನಿ ಮಗಳಾದ್ನೇನ್ರಿ?"

ಪ್ಯಾಡು ಬಿಚ್ಚಿದಳು. ಸಮಾಧಾನವಾಗಿ, ಒಂದೊಂದೇ ಪಟ್ಟಿ. ಹೆಗಲಿಗೆ ಹಾಕಿಕೊಂಡು ಹೋದಳು.

ನಿಜ. ಒಂದು ದಿನವೂ ಕರೆದಿಲ್ಲ. ಬೇಡ ಅಂತಲ್ಲ, ಹೊಳೆಯಲೇ ಇಲ್ಲ. ಬೇಡ ಅಂದಿದ್ದರೂ ಒಂದು ಕಾರಣ ಇರುತ್ತಿತ್ತು. ಹೊಳೆಯದೇ ಇದ್ದದ್ದಕ್ಕೆ ಏನಂತ ಹೇಳೋದು.

ಫೆಬ್ರವರಿ 5, ಗುರುವಾರ

ಶೀತಲಳ ಫೋನು ಬಂದ್. ತಾಯಿಯ ನಂಬರಿಗೆ ಮಾಡಿದೆ. ಚಂದ್ರಾಬಾಯಿ ಎತ್ತಿದಳು, "ಹೊಲಕ್ಕ ಹೋಗ್ಯಾಳ್ರಿ" ಅಂದಳು. ಹಿಂದಿನಿಂದ ಶೀತಲಳ ಕೆಮ್ಮು ಕೇಳಿಸಿತು.

ಸಾಲಿಯಲ್ಲಿ ಏಳನೇ ಈಯತ್ತೆಯ ಮಕ್ಕಳಿಗೆ ಕವಾಯತು ಮಾಡಿಸುತ್ತ ನಿಂತವಳು ನಿಲ್ಲಿ ಅನ್ನೋದನ್ನೇ ಮರೆತೆ. ಮಕ್ಕಳು ಕಂಪೌಂಡಿನ ತನಕ ನಡೆದು ಹೋದವು, ಗೋಡೆಗೆ ಮುಖ ಮಾಡಿ ಕಾಲು ಕುಟ್ಟುತ್ತ ನಿಂತವು.

ನಾಳೆ ಸಂಜೆಯ ತನಕ ಸಮಯ ಇದೆ. ತಕರಾರು ಎತ್ತಿದರೆ ಮತ್ತೆ ಅಂಕ ಹಾಕಬೇಕಾಗುತ್ತೆ. ಹಾಕಿದರೆ ಶೀತಲ ಬರಬಹುದು. ಬಂದರೆ ಡಿಸ್ಕಿತ್... ಆಕೆಯ ಮನೆಯಲ್ಲಿ ಹಾಡು ಆಗಿಹೋಗಿದೆ. ತಪ್ಪು ಮಾಡಿದ್ದು ನಾನು, ತಾಟು ಹೋಗೋದು ಆಕೆಯದು. ಸುಮ್ಮನಿದ್ದರೂ ಒಬ್ಬಳ ಹೊಟ್ಟೆ ಮೇಲೆ ಹೊಡೆದ ಹಾಗೆ, ಮಾತಾಡಿದರೂ ಒಬ್ಬಳದು. ಮನೆಯಲ್ಲಿ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ಇವರು ಬೇಸತ್ತು ಅಂಗಡಿಗೆ ಹೋದರು.

ಅತ್ತೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಎದುರಿಗೆ ಕೂತೆ.

"ಅತ್ತಿ, ಒಮ್ಮೆ ಬಡಿಸಿದ ಎಲಿ ತಿರುಗಿ ತಗೋಬಹುದೇನ್ರಿ?"

"ಶಿವ ಶಿವ. ಉಣ್ಣಾಕ ಕುಂತವ್ರ ಮುಂದಿಂದ?" ಅಂದರು. ಕಲ್ಲು ಒಂದನ್ನು ಅಂಗಳಕ್ಕೆ ಎಸೆದರು. ಆಮೇಲೆ, "ಎಲಿ ಯಾರದು, ಅದನ್ನ ಮೊದಲ ಹೇಳು."

"ಬ್ಯಾರೆಯವ್ರದು. ನಾ ತಪ್ಪಿ ಈಕಿ ಮುಂದ ಇಟ್ಟೆ."

"ಹಂಗಾರ ತಗೀಬೇಕವಾ. ಮತ್ತ ಇಟ್ಟಾಕಿನ ಹೋಗಿ, ಕೈ ಮುಗದು ತಗೀಬೇಕು. ಬ್ಯಾರೆಯವ್ರ ಕಡಿಂದ ತಗಸಬಾರದು." ಮೊರ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದರು. "ಯಾರ ಎಲಿ ಕಸಗೊಂಡಿ?"

ಹೇಳಿದೆ. ಕೇಳಿದರು. ಎದ್ದು ಒಳಗೆ ಹೋದ ಮೇಲೆ ದನಿ ಬಂತು — "ಆರು ವರ್ಷ ಕಟ್ಟಿ ಮ್ಯಾಲ ಚಾ ಕೊಡುವಾಗ ನಾನೂ ಇದ್ದೆನಲ್ಲವಾ."

ಫೆಬ್ರವರಿ 6, ಶುಕ್ರವಾರ. ಮಧ್ಯಾಹ್ನ

ಸಾಲಿಗೆ ರಜಾ ಹಾಕಿದೆ. ಬೆಳಿಗ್ಗೆ ಚೇರ್ಮನ್‌ಗೆ ಫೋನು. ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಕಮಿಟಿ ಅಂದರೆ ಮಕ್ಕಳಾಟವೇ? ಹುಡುಗಿಗೆ ಹೇಳಿಯಾಗಿದೆ! ಕೊನೆಗೆ ಎಲ್ಲರನ್ನೂ ಕರೆದರು.

ಮತ್ತೆ ನಾಲ್ಕು ಮುಖ. ಚಂಡೀಗಢದ ಮೇಡಂ ಈ ಸಲ ಚಪ್ಪಾಳೆ ತಟ್ಟಲಿಲ್ಲ. ಮನೆಯಲ್ಲಿ ಒತ್ತಡ ಬಂತಾ, ಊರಲ್ಲಿ ಯಾರಾದರೂ ಏನಾದರೂ ಅಂದರಾ ಅಂತ ಕೇಳಿದರು. ಯಾವುದಕ್ಕೆ ಹೆದರಿ ಆರು ಕೊಟ್ಟಿದ್ದೆನೋ ಅದೇ ಮಾತು, ಎದುರಿಗೇ ಬಂತು. ವಿಚಿತ್ರ ಅಂದರೆ ಬಂದ ಮೇಲೆ ಹೆದರಿಕೆ ಇರಲಿಲ್ಲ.

ಅಂದೆ — ನಾನು ಆಟ ನೋಡಿ ಅಂಕ ಕೊಡಲಿಲ್ಲ, ಮಂದಿಯನ್ನು ನೋಡಿ ಕೊಟ್ಟೆ. ನನ್ನ ಅಂಕ ಇಬ್ಬರದೂ ತೆಗೆದುಬಿಡಿ. ನಿಮ್ಮ ನಾಲ್ವರದಷ್ಟೇ ಕೂಡಿಸಿ. ನನ್ನನ್ನೂ ಕಮಿಟಿಯಿಂದ ತೆಗೆಯಿರಿ.

ಹಿಂದಿ ಅಲ್ಲಲ್ಲಿ ಮರಾಠಿಯಾಯಿತು, ಒಂದು ಕಡೆ ಕನ್ನಡವೇ ಆಯಿತು. ತಿಳಿದಿರಬೇಕು. ತಿಳಿಸುತ್ತೇವೆ ಅಂದರು.

ಅದೇ ದಿನ, ಸಂಜೆ

ಚೇರ್ಮನ್ ಫೋನು. ನಾಲ್ವರ ಅಂಕವೇ ಲೆಕ್ಕ. ಎರಡನೇ ಕೀಪರ್ ಶೀತಲ. ನಾನು ಇವತ್ತಿಗೆ ಕಮಿಟಿಯಲ್ಲಿಲ್ಲ, ಮುಂದೆಯೂ ಇರೋದಿಲ್ಲ. ಸರಿ ಅಂದೆ.

ಕುಣಿಯಬೇಕು ಅನ್ನಿಸಿತು. ಡಿಸ್ಕಿತಳ ಮನೆಯ ಹಾಡು ನೆನಪಾಯಿತು.

ಇವರು ಗಾಡಿ ತಗೊಂಡು ಸೋನ್ಯಾಳಕ್ಕೆ ಹೋದರು, ಸುದ್ದಿ ಹೇಳೋಕೆ. ಅತ್ತೆ ಹಿಂದೆಯೇ ಓಡಿ ಹೋಗಿ "ಊಟಕ್ಕ ಕರಕೊಂಡ ಬಾ" ಅಂದರು. ಬೇಡ ಅಂದೆ. ಇವತ್ತು ಕರೆದರೆ ಬಾಯಿಗೆ ಸಕ್ಕರೆ ಹಾಕಿ ಸುಮ್ಮನಾಗಿಸಿದ ಹಾಗೆ. ಆಕೆ ಬರಲೂ ಬಾರದು. ಕರೆಯೋ ದಿನ ಬೇರೆ ಇದೆ, ಆಕೆ ಆಡಿ ಬಂದ ಮೇಲೆ, ಆಕೆಗೆ ಬರಬೇಕು ಅನ್ನಿಸಿದರೆ.

ಡಿಸ್ಕಿತಳಿಗೆ ಯಾರು ಹೇಳುತ್ತೀರಿ ಅಂತ ಚೇರ್ಮನ್ ಕೇಳಿದ್ದರು. ಆಫೀಸಿನಿಂದ ಮೆಸೇಜ್ ಹಾಕಿಸಲೇ ಅಂದಿದ್ದರು. ನಾನೇ ಹೇಳುತ್ತೇನೆ ಅಂದೆ.

ಫೋನು ಮಾಡಿದೆ. ಹತ್ತಲಿಲ್ಲ. ಹಿಮ ಬಿದ್ದರೆ ಅಲ್ಲಿ ಟವರು ಹೋಗುತ್ತಿತ್ತು. ಇವತ್ತೂ ಹೋಗಿರಲಿ ಅಂತ ಒಂದು ಗಳಿಗೆ ಬೇಡಿಕೊಂಡೆ. ಎಂಥ ಹೇಡಿ. ಮತ್ತೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಏನನ್ನಬೇಕು ಅಂತ ಇಲ್ಲಿ ಬರೆದುಕೊಳ್ಳೋಣ ಅಂತ ಕೂತೆ. ಮೊದಲು ನನ್ನ ತಪ್ಪು ಅನ್ನಬೇಕು. ನಿನ್ನ ಆಟದಲ್ಲಿ ಕೊರತೆ ಅನ್ನಬಾರದು... ಇಲ್ಲ, ಇದ್ದದ್ದನ್ನು ಇದ್ದ ಹಾಗೇ, ಚೆಂಡು ಕೋಲು ಬಿಟ್ಟ ಮೇಲೆ ಹೊರಳುತ್ತಿ ಅನ್ನೋದನ್ನೂ. ಇನ್ನೊಮ್ಮೆ ಸುಳ್ಳು ಅಂಕ ಕೊಡೋದು ಬೇಡ. ಅಮ್ಮ ಹರಸಿದ್ದನ್ನು ವಾಪಸ್ ತಗೊಳ್ಳಲಿ ಅಂತಲೂ

ಫೋನು. ಆಕೆಯೇ. ನನ್ನ ಎರಡು ಕಾಲ್ ನೋಡಿ ಏನೋ ಒಳ್ಳೆ ಸುದ್ದಿ ಅಂದುಕೊಂಡಿದ್ದಾಳೆ, "ಮೇಡಂ, ಮೇಡಂ" ಅಂತ ನಗುತ್ತಲೇ ಇದ್ದಾಳೆ, ನಾನು ಇನ್ನೂ ಬರೆಯುತ್ತಲೇ ಇದ್ದೇನೆ. ಪೆನ್ನು ಇಡಬೇಕು, ಹೇಳಬೇಕು